ಬಣ್ಣ ನೋಡಿ ಜೀನ್ ಹೇಳಬೇಡಿ



ಮೆಂಡಲನ ಬಟಾಣಿ ಗಿಡದ ಪಾಠ ನಿಮಗೆ ಗೊತ್ತೇ ಇದೆ. ಎತ್ತರ, ಗಿಡ್ಡ, 3:1 ಅಂತ ಬರೆದರೆ ಅಂಕವೂ ಸಿಗುತ್ತದೆ. ಆದರೆ ಆ ಪಾಠದ ತಿರುಳು ಬೇರೆಯೇ ಇದೆ: ಕಣ್ಣಿಗೆ ಕಾಣುವ ಗುಣ ಒಂದು, ಒಳಗಿರುವ ಜೀನ್ ಇನ್ನೊಂದು. ಇದನ್ನು ನಾವು ಬಾಯಿಪಾಠ ಮಾಡುತ್ತೇವೆ, ಬಳಸುವುದಿಲ್ಲ. ಇದನ್ನು ಬಟಾಣಿಗಿಂತ ಚೆನ್ನಾಗಿ ಕಲಿಸುವ ಪ್ರಾಣಿಯೊಂದಿದೆ. ಅದು ಬೋವಾ ಹಾವು.

ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅಮೆರಿಕ, ಯೂರೋಪಿನಲ್ಲಿ ಇದನ್ನು ಸಾಕಿ ಮರಿ ಮಾಡಿಸುವವರು ಬಹಳ ಮಂದಿ. ಕಾಡಿನ ಬೋವಾಕ್ಕೆ ಕಂದು ಮೈ, ಬೆನ್ನ ಮೇಲೆ ದಟ್ಟ ಮಚ್ಚೆ, ಬಾಲದ ಕಡೆ ಇಟ್ಟಿಗೆ ಕೆಂಪು. ಸಾಕಿದವುಗಳಲ್ಲಿ ಕಪ್ಪು ಬಣ್ಣವೇ ಇಲ್ಲದ ಆಲ್ಬಿನೋ, ಕೆಂಪಿಲ್ಲದ ಬೂದು ಹಾವು, ಮಚ್ಚೆಗಳು ಕೂಡಿ ಸರಪಳಿಯಂತಾದ ‘ಮೋಟ್ಲಿ’, ಹೀಗೆ ಹಲವು ಬಗೆಗಳಿವೆ.

ಈಗ ಒಂದು ಪ್ರಶ್ನೆ. ಆಲ್ಬಿನೋ ಗುಪ್ತ ಗುಣ. ಅಂದರೆ ತಂದೆ, ತಾಯಿ ಇಬ್ಬರಿಂದಲೂ ಆ ಜೀನ್ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಎರಡು ಆಲ್ಬಿನೋಗಳನ್ನು ಜೋಡಿ ಮಾಡಿಸಿದರೆ ಮರಿಗಳೆಲ್ಲ ಆಲ್ಬಿನೋ ಆಗಬೇಕು, ಅಲ್ಲವೇ? ಯಾವಾಗಲೂ ಇಲ್ಲ! ಬೋವಾಗಳಲ್ಲಿ ‘ಕಾಹ್ಲ್’ ಮತ್ತು ‘ಶಾರ್ಪ್’ ಎಂಬ ಎರಡು ಆಲ್ಬಿನೋ ವಂಶಗಳಿವೆ. ಒಂದೇ ವಂಶದ ಜೋಡಿಗೆ ಆಲ್ಬಿನೋ ಮರಿಗಳೇ ಹುಟ್ಟುತ್ತವೆ. ಆದರೆ ಒಂದು ಕಾಹ್ಲ್, ಒಂದು ಶಾರ್ಪ್ ಸೇರಿದರೆ ಮರಿಗಳೆಲ್ಲ ಮಾಮೂಲಿ ಬಣ್ಣದವು. ಯಾಕೆಂದರೆ ಕೆಟ್ಟಿರುವುದು ಎರಡು ಬೇರೆ ಬೇರೆ ಜೀನ್‌ಗಳು. ಒಬ್ಬರ ಮನೆಯಲ್ಲಿ ಮೋಟರ್ ಸುಟ್ಟಿದೆ, ಇನ್ನೊಬ್ಬರ ಮನೆಯಲ್ಲಿ ಪೈಪ್ ಒಡೆದಿದೆ. ನಲ್ಲಿ ಮಾತ್ರ ಎರಡೂ ಕಡೆ ಖಾಲಿ. ಖಾಲಿ ನಲ್ಲಿ ನೋಡಿ ಕಾರಣ ಹೇಳೋಕಾಗುತ್ತಾ? ಒಬ್ಬರ ಪೈಪಿಗೆ ಇನ್ನೊಬ್ಬರ ಮೋಟರ್ ಜೋಡಿಸಿದರೆ ನೀರು ಬರುತ್ತದೆ. ಆ ಮರಿಗಳಲ್ಲಿ ಆಗಿದ್ದೂ ಇದೇ.

ಇನ್ನೊಂದು ತಮಾಷೆ ನೋಡಿ. ಆಲ್ಬಿನೋ ಜೀನನ್ನು ಒಳಗೆ ಇಟ್ಟುಕೊಂಡು ಮಾಮೂಲಿಯಾಗಿ ಕಾಣುವ ಹಾವನ್ನು ವಾಹಕ ಎನ್ನೋಣ. ಒಂದೇ ವಂಶದ ಎರಡು ವಾಹಕಗಳ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಆಲ್ಬಿನೋ. ಉಳಿದ ಮೂರರಲ್ಲಿ ಎರಡು ವಾಹಕ. ಯಾವ ಎರಡು ಅಂತ ನೋಡಿ ಹೇಳಲಾಗದು. ಮಾರುವವರು ಆ ಮೂರಕ್ಕೂ ‘ಶೇ. 66 ವಾಹಕ’ ಎಂದು ಬರೆಯುತ್ತಾರೆ. ಹಾಗೆಂದರೆ ಜೀನ್ ಶೇ. 66ರಷ್ಟು ಇದೆ ಎಂದಲ್ಲ. ಅದು ಇದೆ, ಇಲ್ಲವೇ ಇಲ್ಲ. ಶೇಕಡಾ ಇರುವುದು ನಮ್ಮ ತಿಳಿವಳಿಕೆಗೆ.

ಪರೀಕ್ಷೆ ಹೇಗೆ? ಅದೇ ವಂಶದ ಆಲ್ಬಿನೋ ಜೊತೆ ಜೋಡಿ ಮಾಡಿಸಬೇಕು. ಒಂದೇ ಒಂದು ಆಲ್ಬಿನೋ ಮರಿ ಹುಟ್ಟಿದರೂ ವಾಹಕ ಎಂದು ಸಾಬೀತು. ಹತ್ತು ಮರಿ ಹುಟ್ಟಿ ಹತ್ತೂ ಮಾಮೂಲಿಯಾದರೆ? ವಾಹಕಕ್ಕೆ ಹಾಗಾಗುವ ಸಂಭವ 1024ರಲ್ಲಿ 1. ಹೆಚ್ಚುಕಡಿಮೆ ‘ಇಲ್ಲ’ ಎನ್ನಬಹುದು, ಪೂರ್ತಿ ಅಲ್ಲ. ‘ಹೌದು’ ಎನ್ನಲು ಒಂದು ಮರಿ ಸಾಕು. ‘ಇಲ್ಲ’ ಎನ್ನಲು ಎಣಿಸುತ್ತಲೇ ಇರಬೇಕು.

ಹಾಗಾದರೆ ಬಣ್ಣ ಪ್ರಯೋಜನವಿಲ್ಲವೇ? ಇದೆ, ಅದು ಪ್ರಶ್ನೆ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಒಂದು ಹೆಣ್ಣು ಬೋವಾ ಎರಡು ಸಲಕ್ಕೆ 22 ಮರಿ ಹಾಕಿತು. ಎಲ್ಲವೂ ಹೆಣ್ಣು, ಎಲ್ಲಕ್ಕೂ ತಾಯಿಯದೇ ಅಪರೂಪದ ಗುಪ್ತ ಬಣ್ಣ. ಇದು ಹೇಗೆ ಸಾಧ್ಯ? ವಾರನ್ ಬೂತ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷಿಸಿದರು. ಮರಿಗಳಿಗೆ ತಂದೆಯೇ ಇರಲಿಲ್ಲ! ಇದು 2011ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಬಂತು. ಹಾವುಗಳ ಲಿಂಗ ವರ್ಣತಂತುಗಳು ಕೋಳಿಯಂತೆ ಝಡ್-ಡಬ್ಲ್ಯು ಎಂದು ನಂಬಿದ್ದರಿಂದ ಆ ಮರಿಗಳನ್ನು ಡಬ್ಲ್ಯು-ಡಬ್ಲ್ಯು ಎಂದು ವಿವರಿಸಿದರು. 2017ರಲ್ಲಿ ಬೇರೊಂದು ಅಧ್ಯಯನ ಬೋವಾಗಳಲ್ಲಿರುವುದು ನಮ್ಮಂತೆ ಎಕ್ಸ್-ವೈ ಎಂದು ತೋರಿಸಿತು. ತಂದೆ ಇಲ್ಲ, ಆದ್ದರಿಂದ ವೈ ಇಲ್ಲ, ಆದ್ದರಿಂದ ಎಲ್ಲ ಹೆಣ್ಣು. ವಿವರಣೆ ಬದಲಾಯಿತು, ಎಣಿಕೆ ಬದಲಾಗಲಿಲ್ಲ.

ನೋಟಕ್ಕೆ ಮರುಳಾದರೆ ಪೆಟ್ಟು ಬೀಳುವುದು ಪ್ರಾಣಿಗೆ. ಮೋಟ್ಲಿ ಜೀನ್ ಒಂದಿದ್ದರೆ ಚಂದದ ಹಾವು. ಎರಡು ಸೇರಿದರೆ ಎಷ್ಟೋ ಮರಿಗಳು ರೋಗ ಹಿಡಿದು ಬೇಗ ಸಾಯುತ್ತವೆ. ಚಂದಕ್ಕೆ ಬೆಲೆ ಕಟ್ಟುವಾಗ ಇದನ್ನೂ ಲೆಕ್ಕಕ್ಕೆ ತರಬೇಡವೇ? ನಮ್ಮ ಹೊಲಗಳ ಮಣ್ಣುಮುಕ್ಕ ಹಾವು ಬೋವಾದ ಬಂಧು. ಅದರ ಮೊಂಡು ಬಾಲ ತಲೆಯಂತೆ ಕಾಣುತ್ತದೆ. ಅಷ್ಟಕ್ಕೇ ‘ಎರಡು ತಲೆ ಹಾವು, ಮನೆಗೆ ಐಶ್ವರ್ಯ’ ಎಂದು ಕದ್ದು ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಯಾರಾದರೂ ಹಿಡಿದು ತಂದರೆ ‘ಅದು ಬಾಲ’ ಎಂದು ಹೇಳುವ ಧೈರ್ಯ ನಿಮಗಿರಲಿ.

ಇದನ್ನು ಕಲಿಯಲು ಹಾವು ಬೇಡ, ಎರಡು ನಾಣ್ಯ ಸಾಕು. ನಾಣ್ಯದ ಒಂದು ಮುಖ ಮಾಮೂಲಿ ಜೀನ್, ಇನ್ನೊಂದು ಆಲ್ಬಿನೋ ಜೀನ್. ಎರಡನ್ನೂ ಒಟ್ಟಿಗೆ 100 ಸಲ ಚಿಮ್ಮಿ ಬರೆದಿಡಿ. ಎರಡೂ ಆಲ್ಬಿನೋ ಬಿದ್ದವನ್ನು ತೆಗೆದುಹಾಕಿ, ಉಳಿದವುಗಳಲ್ಲಿ ವಾಹಕ ಎಷ್ಟು ಎಣಿಸಿ. ಆಮೇಲೆ ಮನೆಯ ಕರಿ ಮೇಕೆ ಬಿಳಿ ಮರಿ ಹಾಕಿದಾಗ ಕೇಳಿ: ತಂದೆ ಯಾವುದು? ಒಡಹುಟ್ಟಿದವು ಎಷ್ಟು? ಅವುಗಳ ಬಣ್ಣ ಏನು? ಈ ಮೂರು ಪ್ರಶ್ನೆ ಕೇಳದೆ ಕೊಟ್ಟ ಉತ್ತರ ಊಹೆ ಮಾತ್ರ.