ಕುದುರಿ ಸುಮ್ಮನಾತು ಅಂದ್ರ ಆರಾಮಾತು ಅಂತಲ್ಲ (ಭಾಗ 7)

ಗೆಳ್ಯಾರ, ಇವತ್ತಿನ ಕ್ಯಾಪ್ಶನ್ ಉದ್ದ ಐತಿ. ಲೈಕ್ ಒತ್ತಿ ಓಡಬ್ಯಾಡ್ರಿ, ಪೂರ್ತಿ ಓದ್ರಿ.

ಫೋಟೋದಾಗಿರೋ ಕುದುರಿ ಈಗಿಲ್ಲ. ಸುಗ್ಗಿ ಮುಗಿದ ಮ್ಯಾಲೆ ಯಲಬುರ್ಗಾ ಕಡೆ ನಮ್ಮ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ದ ಕುರಿಗಾರರದು. ಅವರ ಹಾಸಿಗಿ, ಪಾತ್ರಿ, ನಡಿಯಾಕ ಬಾರದ ಮರಿ ಎಲ್ಲಾ ಅದರ ಬೆನ್ನ ಮ್ಯಾಲೇ. ಒಂದ್ ಸಂಜಿ ಕಾಲಿಂದ ನೆಲ ಕೆರಿಯಾಕ ಹತ್ತಿತು. ತಿರುಗಿ ತಿರುಗಿ ತನ್ನ ಹೊಟ್ಟಿ ನೋಡ್ತಿತ್ತು, ಉರುಳಾಡ್ತಿತ್ತು. ಎಣ್ಣಿ ಕುಡಿಸಿದ್ರು. ನಸುಕಿನ್ಯಾಗ ಸುಮ್ಮನ ನಿಂತಿತ್ತು. "ಕಡಿಮಿ ಆತು ಬಿಡಪಾ" ಅಂದ ಅಜ್ಜ. ನಾನೂ ಹೂಂ ಅಂದೆ. ಮಧ್ಯಾಹ್ನಕ್ಕ ಸತ್ತಿತ್ತು.

ಹೊಟ್ಟಿ ಕೊಯ್ದು ಯಾರೂ ನೋಡ್ಲಿಲ್ಲ, ಹಂಗಾಗಿ ಇದೇ ಕಾರಣ ಅಂತ ನಾನು ಹೇಳಂಗಿಲ್ಲ. ಆದ್ರ ಆಮ್ಯಾಲೆ ಒಬ್ರು ಪಶುವೈದ್ಯರು ಹೇಳಿದ್ದು ಕೇಳ್ರಿ. ಕುದುರಿಗೆ ವಾಂತಿ ಮಾಡಾಕ ಬರಂಗಿಲ್ಲ. ಅದರ ಸಣ್ಣ ಕರುಳು 20 ಮೀಟರಿಗೂ ಉದ್ದ, ಹೊಟ್ಟಿಯೊಳಗ ಸಡಿಲಾಗಿ ತೂಗ್ತಿರ್ತದ. ಅದು ತಿರುಚಿಕೊಂಡ್ರ, ಇಲ್ಲಾ ವಯಸ್ಸಾದ ಕುದುರಿಯೊಳಗ ಕೊಬ್ಬಿನ ಗಂಟಿನ ತೊಟ್ಟು ಅದಕ್ಕ ಉರುಲಿನಂಗ ಸುತ್ತಿಕೊಂಡ್ರ, ದಾರಿ ಬಂದ್. ನೀರು, ಗ್ಯಾಸು ಹಿಂದಕ್ಕ ಬಂದು ಜಠರ ತುಂಬತದ. ಜಠರ ಹಿಡಿಯೋದು 8ರಿಂದ 15 ಲೀಟರ್ ಅಷ್ಟೇ. ಹೊರಗ ಬರಾಕ ದಾರಿ ಇಲ್ಲ, ಒಡದೂ ಹೋಗಬಹುದು. ಇಂಥಾದಕ್ಕ ನಾವು ಬಾಯಿಂದ ಇನ್ನಷ್ಟು ಎಣ್ಣಿ ಸುರಿತೀವಿ!

ರಕ್ತ ನಿಂತ ಕರುಳು ಕೆಲವೇ ತಾಸಿನ್ಯಾಗ ಸಾಯತದ. ಸತ್ತ ಕರುಳಿಗೆ ನೋವು ಕಡಿಮಿ. ಕುದುರಿ ಮಂಕಾಗಿ ನಿಲ್ಲತದ. ನಾವು "ಕಡಿಮಿ ಆತು" ಅಂದಿದ್ದು ಇದಕ್ಕೇ ಇರಬೇಕು.

ಇದಕ್ಕ ಆಪರೇಷನ್ ಐತಿ. ಮೊದಲು ಮೂಗಿನಿಂದ ಟ್ಯೂಬ್ ಹಾಕಿ ಜಠರ ಖಾಲಿ ಮಾಡ್ತಾರ. ಆಮ್ಯಾಲೆ ಅರಿವಳಿಕೆ ಕೊಟ್ಟು, ಅಂಗಾತ ಮಲಗಿಸಿ, ಹೊಟ್ಟಿ ನಡುವ ಕೊಯ್ದು, ತಿರುಚಿದ್ದು ಬಿಡಿಸಿ, ಸತ್ತ ಭಾಗ ತಗದು ಉಳಿದ ಎರಡು ತುದಿ ಸೇರಿಸಿ ಹೊಲಿತಾರ. ಬೇಗ ಹೋದ ಕುದುರಿ ಬದುಕಿ ಮತ್ತ ಕೆಲಸ ಮಾಡ್ತಾವ. ತಡಾ ಆದ್ರ ಟೇಬಲ್ ಮ್ಯಾಲೇ ಮುಗೀತದ.

ಈಗ ನನ್ನ ಬಿಕಾಂ ತಲಿ. ದೊಡ್ಡ ಟೇಬಲ್, ಕುದುರಿ ಎತ್ತೋ ಕ್ರೇನ್, ಅರಿವಳಿಕೆ ತಜ್ಞರು ಅಂದ್ರ ರೇಸ್ ಕುದುರಿಗಳಿರೋ ಬೆಂಗಳೂರು ಕಡೆ ನೋಡಬೇಕು. ಕೊಪ್ಪಳದಿಂದ 350 ಕಿಲೋಮೀಟರಿಗೂ ಹೆಚ್ಚು. ಹಂಗಂತ ತಾಲ್ಲೂಕಿಗೊಂದು ಥಿಯೇಟರ್ ಕೊಡ್ರಿ ಅಂತ ನಾನು ಕೇಳಂಗಿಲ್ಲ, ಆ ಲೆಕ್ಕ ಕೂಡಂಗಿಲ್ಲ. ಮೊದಲ ಎರಡು ತಾಸಿನ್ಯಾಗ ಮೂಗಿಗೆ ಟ್ಯೂಬ್ ಹಾಕೋರು, ಬಾಯಿಬಿಟ್ಟು ನಿರ್ಧಾರ ಹೇಳೋರು ಬೇಕು: ಆಪರೇಷನ್‌ಗೆ ಕಳಸೋದೋ, ಇಲ್ಲಾ ನೋವಿಲ್ಲದಂಗ ಕಳಿಸಿಕೊಡೋದೋ. ರಾತ್ರಿಪೂರ್ತಿ ಉರುಳಾಡಿಸಿ ಸಾಯಿಸೋದಕ್ಕಿಂತ ಎರಡನೇದೂ ಕರುಣೆನೇ. "ಇನ್ನೊಂದು ನೋವಿನ ಇಂಜೆಕ್ಷನ್ ಹಾಕಿ ನೋಡೋಣ" ಅಂತ ಕೂತ್ರ ನೋವು ಮುಚ್ಚತದ, ಕರುಳು ಬಿಚ್ಚಂಗಿಲ್ಲ.

ವಿಮೆ ಬಗ್ಗೆನೂ ಕೇಳ್ರಿ. ರಾಷ್ಟ್ರೀಯ ಜಾನುವಾರು ಮಿಷನ್‌ನ ವಿಮೆ ಎಮ್ಮಿ ಆಕಳಿಗಷ್ಟೇ ಅಲ್ಲ, ಕುದುರಿ ಕತ್ತಿಗೂ ಐತಿ. 2024ರ ಫೆಬ್ರವರಿಯ ಬದಲಾವಣೆ ಪ್ರಕಾರ ಸಾಕಿದವರು ಕಟ್ಟೋದು ಪ್ರೀಮಿಯಂನ 15% ಅಷ್ಟೇ. ಆ ಅಜ್ಜನಿಗೆ ಇದು ಗೊತ್ತೇ ಇರ್ಲಿಲ್ಲ. ನನಗೂ.

1962 ಸೇವ್ ಮಾಡ್ಕೊಳ್ರಿ, ಪಶು ಸಂಜೀವಿನಿ ವ್ಯಾನಿನ ನಂಬರ್. ಆಮ್ಯಾಲೆ ಗಂಗಾವತಿ, ಕುಷ್ಟಗಿ, ಯಲಬುರ್ಗಾದವ್ರು ನಿಮ್ಮ ಪಶು ಆಸ್ಪತ್ರಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ ಬರ್ರಿ: "ಸರ್, ಕುದುರಿಗೆ ಹಾಕೋ ಟ್ಯೂಬ್ ಐತೇನ್ರಿ?" ಏನಂದ್ರು ಅಂತ ಕಮೆಂಟ್‌ನ್ಯಾಗ ಹಾಕ್ರಿ, ಭಾಗ 8 ಅದರ ಮ್ಯಾಲೇ ಬರೀತೀನಿ.