ಮಾತ್ರೆಗೆ ಹಣವುಂಟು, ಮಾತಿಗಿಲ್ಲ

1997ರಲ್ಲಿ ವಿಕ್ಟೋರಿಯಾ ರಾಜ್ಯದ ಟಿವಿ ಪರದೆಗಳ ಮೇಲೆ ವೈದ್ಯರು, ಕ್ರೀಡಾಪಟುಗಳು, ಹಾಸ್ಯನಟರು ಒಬ್ಬರ ಹಿಂದೊಬ್ಬರು ಬಂದು ಒಂದೇ ಮಾತು ಹೇಳತೊಡಗಿದರು: ಬೆನ್ನು ನೋಯುತ್ತಿದೆಯೆಂದು ಹಾಸಿಗೆ ಹಿಡಿಯಬೇಡಿ, ಎದ್ದು ಓಡಾಡಿ, ಆಗುವಷ್ಟು ಕೆಲಸ ಮುಂದುವರಿಸಿ. ಹಣ ಹಾಕಿದ್ದು ಅಲ್ಲಿನ ಕಾರ್ಮಿಕ ಪರಿಹಾರ ಪ್ರಾಧಿಕಾರ. ಪರಿಹಾರದ ಅರ್ಜಿಗಳು ಕಡಿಮೆಯಾದರೆ ಅದಕ್ಕೆ ಲಾಭವಿತ್ತೆಂಬುದು ನಿಜ. ಲಾಭವಿದ್ದವರು ಹೇಳಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಪ್ರಚಾರವಿರಲಿಲ್ಲ. ಮೆಲ್ಬರ್ನ್‌ನ ರೇಚೆಲ್ ಬುಕ್‌ಬೈಂಡರ್ ಮತ್ತು ಸಂಗಡಿಗರು ಎರಡೂ ರಾಜ್ಯಗಳನ್ನು ಹೋಲಿಸಿ ನೋಡಿದರು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವರ ವರದಿಯ ಪ್ರಕಾರ ವಿಕ್ಟೋರಿಯಾದಲ್ಲಿ ಜನರ ನಂಬಿಕೆಯೂ ವೈದ್ಯರ ನಂಬಿಕೆಯೂ ಬದಲಾಗಿದ್ದವು. ಬೆನ್ನುನೋವಿನ ಅರ್ಜಿಗಳೂ ವೈದ್ಯಕೀಯ ವೆಚ್ಚವೂ ಇಳಿದಿದ್ದವು. ನ್ಯೂ ಸೌತ್ ವೇಲ್ಸ್‌ನ ನಂಬಿಕೆಗಳು ಇದ್ದಲ್ಲೇ ಇದ್ದವು. ಸೂಜಿಯಿಲ್ಲದೆ, ಗುಳಿಗೆಯಿಲ್ಲದೆ, ಬರೀ ಮಾತಿನಿಂದ ಆದ ಚಿಕಿತ್ಸೆಯದು.

ಆ ಮಾತು ಈ ಎರಡು ನಗರಗಳ ಕನ್ನಡಿಗರ ಮನೆಗಳನ್ನು ಇನ್ನೂ ಮುಟ್ಟಿದಂತಿಲ್ಲ. ಅಲ್ಲಿ ಇಂದಿಗೂ ಕೇಳಿಸುವುದು 'ಡಿಸ್ಕ್ ಸ್ಲಿಪ್ ಆಗಿದೆ' ಎಂಬ ತೀರ್ಪು. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಎರಡು ಕಶೇರುಗಳ ನಡುವಿನ ಆ ಮೆತ್ತೆಯ ಹೊರಬಳೆ ಬಿರಿದು ಒಳಗಿನ ಲೋಳೆಯಂಥ ತಿರುಳು ಹೊರಚಾಚುತ್ತದೆ, ಪಕ್ಕದ ನರದ ಬುಡವನ್ನು ಕೆರಳಿಸುತ್ತದೆ. ನೋವು ಕಾಲಿಗೆ ಇಳಿಯುತ್ತದೆ. ಹೊರಬಂದ ತಿರುಳನ್ನು ದೇಹದ ಭಕ್ಷಕ ಕೋಶಗಳೇ ಎಷ್ಟೋ ಸಲ ಕರಗಿಸಿಬಿಡುತ್ತವೆ. ಹೆಚ್ಚು ಹೊರಬಂದದ್ದೇ ಕರಗುವ ಸಂಭವ ಹೆಚ್ಚೆಂಬುದು ಸ್ಕ್ಯಾನ್ ಚಿತ್ರ ನೋಡಿ ಕಂಗೆಟ್ಟವರಿಗೆ ಯಾರೂ ಹೇಳದ ಸಂಗತಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಮರ್ಶೆಯಲ್ಲಿ 20ರ ವಯಸ್ಸಿನವರಲ್ಲಿ ಶೇ. 30 ಮಂದಿಗೆ, 80ರ ವಯಸ್ಸಿನವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬಿತ್ತು. ನಮ್ಮ ಅಜ್ಜಿಯರು 'ಸೊಂಟ ಹಿಡಿದುಕೊಂಡಿದೆ' ಎನ್ನುತ್ತಿದ್ದರು. ಹಿಡಿದುಕೊಂಡದ್ದು ಬಿಡುತ್ತದೆಂಬ ಭರವಸೆ ಆ ನುಡಿಯಲ್ಲಿತ್ತು. 'ಸ್ಲಿಪ್', 'ಸವೆತ' ಎಂಬ ಪದಗಳಲ್ಲಿ ಅದಿಲ್ಲ. ಅವುಗಳನ್ನು ಕೇಳಿಸಿಕೊಂಡವನು ಬಗ್ಗಲೂ ಹೆದರುತ್ತಾನೆ.

ಶಸ್ತ್ರಚಿಕಿತ್ಸೆಯನ್ನು ಸಾರಾಸಗಟಾಗಿ ಹಳಿಯಬೇಕಾಗಿಲ್ಲ. ತೊಡೆಸಂದಿ, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತ ಹೋದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಂದೇ ಹೋಗಬೇಕು. ಉಳಿದವರ ವಿಷಯದಲ್ಲಿ 2007ರ ಡಚ್ ಪ್ರಯೋಗವೊಂದು ಕಣ್ಣು ತೆರೆಸುವಂಥದು. 6ರಿಂದ 12 ವಾರಗಳ ತೀವ್ರ ಸಯಾಟಿಕಾ ಇದ್ದ 283 ಮಂದಿಯಲ್ಲಿ ಬೇಗನೆ ಕೊಯ್ಯಿಸಿಕೊಂಡವರ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಷ್ಟರಲ್ಲಿ, ಕಾದು ನೋಡಿದ ಗುಂಪಿನವರೂ ಅಷ್ಟೇ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ. 39 ಮಂದಿ ಕೊನೆಗೆ ಕೊಯ್ಯಿಸಿಕೊಂಡರೆಂಬುದನ್ನೂ ಮುಚ್ಚಿಡಬಾರದು. ಕಾಯುವುದಕ್ಕೂ ಒಂದು ಬಲ ಬೇಕು. ಆ ಬಲ ಯಾರಿಗಿದೆ ಎಂಬುದೇ ಜಗಳದ ಮೂಲ.

ಗುಳಿಗೆಗಳ ಕಥೆಯನ್ನು ಸಿಡ್ನಿಯ ಸಂಶೋಧಕರೇ ಬಯಲು ಮಾಡಿದ್ದಾರೆ. ಹೊಸದಾಗಿ ಬಂದ ಸೊಂಟನೋವಿಗೆ ಪ್ಯಾರಾಸಿಟಮಾಲ್ ಚೇತರಿಕೆಯನ್ನು ಚುರುಕುಗೊಳಿಸುವುದಿಲ್ಲವೆಂದು 2014ರಲ್ಲಿ ತೋರಿಸಿದರು. ಸಯಾಟಿಕಾಕ್ಕೆ ಪ್ರಿಗ್ಯಾಬಲಿನ್ ಹುಸಿಗುಳಿಗೆಗಿಂತ ಮೇಲಲ್ಲ, ತಲೆಸುತ್ತು ಮಾತ್ರ ಹೆಚ್ಚು ಎಂಬುದು 209 ಮಂದಿಯ ಮೇಲಿನ 2017ರ ಪ್ರಯೋಗದಿಂದ ತಿಳಿಯಿತು. ಹೊಸ ಸೊಂಟನೋವು, ಕುತ್ತಿಗೆನೋವಿಗೆ ಓಪಿಯಾಯ್ಡ್ ಕೂಡ ಪ್ರಯೋಜನಕ್ಕಿಲ್ಲವೆಂದು 2023ರಲ್ಲಿ ಗೊತ್ತಾಯಿತು. ಬೆನ್ನಿಗೆ ಚುಚ್ಚುವ ಸ್ಟೀರಾಯ್ಡ್ ಕಾಲುನೋವನ್ನು ಕೆಲಕಾಲ ಕೊಂಚ ತಗ್ಗಿಸಬಹುದು, ಅಷ್ಟೇ. ಸೊಂಟವನ್ನು ಯಂತ್ರದಿಂದ ಜಗ್ಗುವ ಟ್ರ್ಯಾಕ್ಷನ್ನಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. 'ಶಸ್ತ್ರಚಿಕಿತ್ಸೆಯಿಲ್ಲದೆ' ಎಂಬ ಫಲಕದ ಕೆಳಗೆ ಮಾರಾಟವಾಗುವುದೆಲ್ಲ ಸಾಧುವಲ್ಲ.

ಹಾಗಾದರೆ ಕೆಲಸಕ್ಕೆ ಬರುವುದೇನು? ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬಹುದು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಳ್ಳಲು ಕಲಿಸಿದರು. ಅವರಿಗೆ ನೋವು ಮರುಕಳಿಸಲು ಮಧ್ಯಮಾಂಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112. ಅವರೆಲ್ಲ ಡಿಸ್ಕ್ ರೋಗಿಗಳಲ್ಲ, ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಗಮನಿಸಬೇಕಾದದ್ದು ಬೇರೆ: ಆ ನಡಿಗೆಯ ಬೆನ್ನಿಗೆ ಆರು ತಿಂಗಳಲ್ಲಿ ಫಿಸಿಯೋಥೆರಪಿಸ್ಟರ 6 ಭೇಟಿಗಳಿದ್ದವು.

ಮೆಡಿಕೇರ್ ಕೊಡುವುದು 5. ಅದೂ ದೀರ್ಘಕಾಲದ ಕಾಯಿಲೆಯೆಂದು ವೈದ್ಯರು ಯೋಜನೆ ಬರೆದುಕೊಟ್ಟರೆ, ವರ್ಷಕ್ಕೆ, ಪಥ್ಯತಜ್ಞರಿಂದ ಪಾದತಜ್ಞರವರೆಗೆ ಎಲ್ಲರನ್ನೂ ಸೇರಿಸಿ. ಮಧುಮೇಹವೂ ಇರುವ ತಾಯಿ ಸೊಂಟಕ್ಕೆಷ್ಟು, ಪಾದಕ್ಕೆಷ್ಟು ಎಂದು ಹಂಚಿಕೊಳ್ಳಬೇಕು. ಪ್ರಿಗ್ಯಾಬಲಿನ್ ಮಾತ್ರ ನರದ ನೋವಿನ ಹೆಸರಿನಲ್ಲಿ ಸರ್ಕಾರದ ಸಹಾಯಧನದ ಪಟ್ಟಿಯಲ್ಲಿದೆ.

ಇದು ಮೆಡಿಕೇರ್ ಉಳ್ಳವರ ಪಾಡು. ಮೆಲ್ಬರ್ನ್‌ನ ಪಶ್ಚಿಮದಂಚಿನ ಟ್ರುಗನೀನಾದಲ್ಲೋ ಸಿಡ್ನಿಯ ಈಸ್ಟರ್ನ್ ಕ್ರೀಕ್‌ನಲ್ಲೋ ಗೋದಾಮಿನ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಎತ್ತುವ ಕನ್ನಡದ ವಿದ್ಯಾರ್ಥಿಗೆ ಅದೂ ಇಲ್ಲ. ಭಾರತದೊಂದಿಗೆ ಆಸ್ಟ್ರೇಲಿಯಾಕ್ಕೆ ಪರಸ್ಪರ ಆರೋಗ್ಯ ಒಪ್ಪಂದವಿಲ್ಲ. ಕಡ್ಡಾಯವಾಗಿ ಕೊಳ್ಳಬೇಕಾದ ವಿದ್ಯಾರ್ಥಿ ವಿಮೆ ಸಾಮಾನ್ಯವಾಗಿ ಫಿಸಿಯೋಥೆರಪಿಗೆ ದುಡ್ಡು ಕೊಡುವುದಿಲ್ಲ. ಕ್ಯಾಶುವಲ್ ನೌಕರನಿಗೆ ಸಂಬಳಸಹಿತ ಅನಾರೋಗ್ಯ ರಜೆಯೂ ಇಲ್ಲ. ಇಡೀ ಪಾಳಿ ನಡೆದೂ ಬಗ್ಗಿಯೂ ಬಂದವನಿಗೆ 'ನಡೆ' ಎಂಬ ಉಪದೇಶ ಅಣಕದಂತೆ ಕೇಳಿಸದೆ ಇನ್ನೇನು? ಅವನಿಗೆ ಬೇಕಾದದ್ದು ಕೆಲ ವಾರ ಹಗುರ ಕೆಲಸ, ಅದರಿಂದ ಮುಂದಿನ ಪಾಳಿ ಕೈತಪ್ಪುವುದಿಲ್ಲವೆಂಬ ಖಾತರಿ. ಗೋದಾಮಿನ ನೌಕರನಾಗಿ ಅವನು ಕಾರ್ಮಿಕ ಪರಿಹಾರ ಕೇಳಬಹುದು, ವೀಸಾ ಅಡ್ಡಿಯಾಗದು. ಪಾಳಿಯ ಭಯಕ್ಕೆ ಎಷ್ಟು ಮಂದಿ ಕೇಳುತ್ತಾರೆ?

ಇತ್ತ ಪಾಯಿಂಟ್ ಕುಕ್‌ನ, ವೆಸ್ಟ್‌ಮೀಡ್‌ನ ವರಾಂಡಾಗಳಲ್ಲಿ ಕಾಫಿ ಹೀರುತ್ತ ನಮ್ಮ ಪ್ರಗತಿಪರರೂ ಬೆನ್ನುನೋವನ್ನು ಶಿಸ್ತಿನ ಪ್ರಶ್ನೆಯಾಗಿಸುತ್ತಾರೆ: ಸೂರ್ಯನಮಸ್ಕಾರ ಮಾಡು, ಹೊಟ್ಟೆ ಕರಗಿಸು, ಒಳ್ಳೆಯ ಕುರ್ಚಿ ಕೊಳ್ಳು. ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬರಬಲ್ಲವರ ಮಾತದು. ಜಾತಿ, ವರ್ಗಗಳ ಬಗ್ಗೆ ಅಷ್ಟೆಲ್ಲ ಬರೆದವರಿಗೆ ಸೊಂಟದಲ್ಲಿ ಮಾತ್ರ ವರ್ಗ ಕಾಣದೆ ಹೋದದ್ದು ಸೋಜಿಗ. ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುವ ಸಂಘಗಳು ಕನ್ನಡ ಬಲ್ಲ ಫಿಸಿಯೋಥೆರಪಿಸ್ಟರೊಬ್ಬರಿಗೆ ಅರ್ಧ ಗಂಟೆ, ಕಾರ್ಮಿಕ ಪರಿಹಾರದ ಅರ್ಜಿ ತುಂಬಲು ಬಲ್ಲವರೊಬ್ಬರಿಗೆ ಇನ್ನರ್ಧ ಗಂಟೆ ಬಿಟ್ಟುಕೊಡಲಿ. ಮತ ಕೇಳಲು ಅದೇ ವೇದಿಕೆಗೆ ಬರುವ ರಾಜಕಾರಣಿಗಳಿಗೆ, ಶಾಲು ಹೊದಿಸುವ ಮುನ್ನ, ಆ ಆರನೆಯ ಭೇಟಿಯ ಹಣ ಎಲ್ಲಿ ಎಂದು ಯಾರಾದರೂ ಕೇಳಲಿ.