ಆಟದ ನಡುವಣ ಮಂತ್ರಾಲೋಚನೆ

ರಜೆಗೆಂದು ಕುರುಬರಹಳ್ಳಿಯ ನಮ್ಮ ಮನೆಗೆ ಬಂದಿರುವ ಮೊಮ್ಮಗನು ಬೆಳಗಿನ ಜಾವದಲ್ಲಿಯೇ ಎದ್ದು ಅಮೆರಿಕದ ಬೇಸ್‌ಬಾಲ್ ಪಂದ್ಯವನ್ನು ನೋಡುವ ಅಭ್ಯಾಸವುಳ್ಳವನು. ಮೊನ್ನೆ ನಾವೂ ಕಾಫಿಯ ಲೋಟ ಹಿಡಿದು ಅವನ ಪಕ್ಕದಲ್ಲಿ ಕುಳಿತೆವು. ಆಟದ ನಡುವೆ ತರಬೇತುಗಾರನೊಬ್ಬನು ಮೈದಾನದೊಳಕ್ಕೆ ನಡೆದುಬಂದು, ಮಣ್ಣಿನ ದಿಬ್ಬದ ಮೇಲೆ ನಿಂತಿದ್ದ ಚೆಂಡೆಸೆಯುವವನೊಡನೆ ಪಿಸುಮಾತಿಗೆ ತೊಡಗಿದನು. ಇನ್ನೂ ಕೆಲವರು ಸೇರಿದರು, ಮಾತು ಬೆಳೆಯಿತು. ಅಂಪೈರನು ಕೂಗಲಿಲ್ಲ, ಕೈ ಬೀಸಲಿಲ್ಲ. ಮೆಲ್ಲಗೆ ನಡೆದುಹೋಗಿ ಅವರ ಮಗ್ಗುಲಲ್ಲಿ ನಿಂತನು. ಅಷ್ಟಕ್ಕೇ ಸಭೆಯು ಚದುರಿತು.

“ಬೈಯಲೇ ಇಲ್ಲವಲ್ಲ, ತಾತ!” ಎಂದು ಹುಡುಗನಿಗೆ ಆಶ್ಚರ್ಯ.

ಬೈಯದಿದ್ದರೂ ನಿಯಮದ ಬಲವು ಅವನ ಬೆನ್ನಿಗುಂಟು. ಅಲ್ಲಿಯ ಮೇಜರ್ ಲೀಗಿನಲ್ಲಿ 2016ರಿಂದ ತರಬೇತುಗಾರನ ಇಂಥ ಭೇಟಿಗೆ 30 ಸೆಕೆಂಡುಗಳ ಮಿತಿಯಿದೆ. ಒಂದೇ ಇನ್ನಿಂಗ್ಸಿನಲ್ಲಿ ಒಬ್ಬನೇ ಎಸೆತಗಾರನ ಬಳಿಗೆ ಎರಡನೆಯ ಸಲ ಹೋದರೆ ಅವನನ್ನು ಬದಲಿಸಲೇಬೇಕು. ಒಂಬತ್ತು ಇನ್ನಿಂಗ್ಸಿನ ಪಂದ್ಯಕ್ಕೆ 2018ರಲ್ಲಿ 6 ಭೇಟಿಗಳೆಂದು ಕಟ್ಟುಮಾಡಿದರು. ಮರುವರ್ಷ ಅದು 5 ಆಯಿತು, 2024ರಲ್ಲಿ 4ಕ್ಕೆ ಇಳಿಯಿತು. ನಮ್ಮ ಕಚೇರಿಗಳ ಸಭೆಗಳಿಗೂ ಇಂಥದೊಂದು ಕಟ್ಟಳೆ ಬಂದೀತೇ ಎಂದು ನಾವು ಹಂಬಲಿಸಿದ್ದುಂಟು.

ಕ್ರಿಕೆಟ್ಟಿನಲ್ಲಿ ತರಬೇತುಗಾರನು ಹೀಗೆ ಬೇಕೆಂದಾಗಲೆಲ್ಲ ಒಳಗೆ ಬರುವಂತಿಲ್ಲ. ಐ.ಪಿ.ಎಲ್. ಆಟದಲ್ಲಿ ಮಾತ್ರ ಎರಡೂವರೆ ನಿಮಿಷದ ವಿರಾಮಗಳು ಅದಕ್ಕೆಂದೇ ಮೀಸಲು. ಉಳಿದಂತೆ ಬುದ್ಧಿಮಾತು ಕೈಗವಸಿನ ಜೊತೆಗೋ ನೀರಿನ ಸೀಸೆಯ ಜೊತೆಗೋ ಬರುವುದನ್ನು ಎಲ್ಲರೂ ಬಲ್ಲರು. ಕಣ್ಸನ್ನೆಯಿಂದಲೂ ಬರಬಹುದೆಂಬುದಕ್ಕೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣವೇ ಸಾಕ್ಷಿ. 2017ರ ಮಾರ್ಚ್ 7ರಂದು ಆಸ್ಟ್ರೇಲಿಯದ ನಾಯಕ ಸ್ಟೀವ್ ಸ್ಮಿತ್ತರು ಉಮೇಶ ಯಾದವರ ಎಸೆತಕ್ಕೆ ಎಲ್.ಬಿ. ಆದರು. ಮರುಪರಿಶೀಲನೆ ಕೇಳಬೇಕೋ ಬೇಡವೋ ಎಂದು ಜೊತೆಗಾರ ಹ್ಯಾಂಡ್ಸ್‌ಕೂಂಬರೊಡನೆ ಆಲೋಚಿಸಿ, ತಮ್ಮ ತಂಡದವರು ಕುಳಿತಿದ್ದ ಕಡೆಗೆ ದೃಷ್ಟಿ ಹಾಯಿಸಿದರು. ಹೊರಗಿನ ಸಲಹೆಗೆ ಅಲ್ಲಿ ಅವಕಾಶವಿಲ್ಲ. ಅಂಪೈರ್ ನೈಜೆಲ್ ಲಾಂಗರು ತಟ್ಟನೆ ಮುಂದೆ ಬಂದು ಅದನ್ನು ತಡೆದರು. ಕೊಹ್ಲಿಯವರೂ ಕೆರಳಿ ಬಂದರು. ಸ್ಮಿತ್ತರು ಪರಿಶೀಲನೆಯಿಲ್ಲದೆಯೇ ಹೊರನಡೆದರು. ಆ ಗಳಿಗೆಯಲ್ಲಿ ತಮ್ಮ ಬುದ್ಧಿ ಮಂಕಾಗಿತ್ತೆಂದು ಆಮೇಲೆ ಒಪ್ಪಿಕೊಂಡರು. ಪಂದ್ಯವನ್ನು ಭಾರತವು 75 ಓಟಗಳಿಂದ ಗೆದ್ದಿತು. ಅದರ ಗದ್ದಲದಲ್ಲಿ ಲಾಂಗರ ಆ ನಾಲ್ಕು ಹೆಜ್ಜೆಗಳನ್ನು ಸ್ಮರಿಸಿದವರು ವಿರಳ.

ನಮಗೆ ಮಾತ್ರ ಅವು ಮರೆಯವು. ಏಕೆಂದರೆ ಅಂಥ ಹೆಜ್ಜೆಗಳನ್ನು ನಾವೊಮ್ಮೆ ಇಡದೆ ಹೋದೆವು. ಮೂವತ್ತು ವರ್ಷಗಳ ಹಿಂದಿನ ಮಾತು. ಶಾಲೆಗಳ ನಡುವಣ ಪಂದ್ಯವೊಂದಕ್ಕೆ, ಸಂಸ್ಕೃತದ ಮೇಷ್ಟ್ರು ಪಕ್ಷಪಾತ ಮಾಡಲಾರರೆಂದು, ನಮ್ಮನ್ನೇ ಅಂಪೈರನನ್ನಾಗಿ ನಿಲ್ಲಿಸಿದ್ದರು. ಹೊತ್ತು ಇಳಿಯುತ್ತಿತ್ತು. ಬ್ಯಾಟು ಹಿಡಿದಿದ್ದ ಹುಡುಗರಿಗೆ ಒಂಬತ್ತು ಓಟಗಳು ಸಾಕಾಗಿದ್ದವು. ಎದುರು ಪಕ್ಷದ ಉಪಾಧ್ಯಾಯರು ಓವರಿಗೊಮ್ಮೆ ಒಳಗೆ ಬಂದು, ಬೌಲರ್ ಹುಡುಗನ ಬೂಟಿನ ದಾರ ಕಟ್ಟುವ ನೆಪದಲ್ಲಿ ಕುಕ್ಕರಿಸಿ, ಪಾಠವನ್ನೇ ಹೇಳತೊಡಗಿದರು. ಅವರು ನಮಗಿಂತ ಹಿರಿಯರು. ಹಿಂದೆ ಒಂದೇ ಶಾಲೆಯಲ್ಲಿದ್ದಾಗ ನಮಗೆ ಉಪಕಾರವನ್ನೂ ಮಾಡಿದ್ದವರು. ಹತ್ತಿರ ಹೋಗಿ “ಸಾಕು, ಸ್ವಾಮಿ” ಎನ್ನಲು ದಾಕ್ಷಿಣ್ಯವು ಬಿಡಲಿಲ್ಲ. ಕೈಗಡಿಯಾರವನ್ನು ನೋಡುವವರಂತೆ ತಲೆ ತಗ್ಗಿಸಿ ನಿಂತೆವು.

ಕತ್ತಲೆ ಕವಿಯಿತು, ಬೇಲ್ಸ್ ತೆಗೆದೆವು. ಬ್ಯಾಟು ಹಿಡಿದಿದ್ದ ಪುಟ್ಟ ಹುಡುಗನು ನಮ್ಮ ಬಳಿಗೆ ಓಡಿಬಂದು, “ಸಾರ್, ಇನ್ನೂ ಎರಡು ಓವರು ಇದೆಯಲ್ಲ ಸಾರ್?” ಎಂದನು. ನಾವು ಆಕಾಶವನ್ನು ತೋರಿಸಿದೆವು.